ಕೊನೆಯ ಫಾರಂ ಮೊದಲು

ಔರಾದ ಕಾಲೇಜಿನ ಗ್ರಂಥಾಲಯದ ಹಿಂದಿನ ಕೋಣೆಯ ಬೀಗ ತೆಗೆದಾಗ ಮೊದಲು ಬಂದದ್ದು ಲೇಯಿಯ ವಾಸನೆ. ಮೈದಾ ಹಿಟ್ಟನ್ನು ನೀರಲ್ಲಿ ಕುದಿಸಿ, ಹುಳ ಹತ್ತದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ ಮಾಡುವ ಅಂಟು ಅದು. ಪುಸ್ತಕಕ್ಕೆ ರಟ್ಟು ಹಚ್ಚಲು ಬೇಕು. ಹಸಿ ಗೋಡೆ, ಹಳೆಯ ಕಾಗದ, ಅದರ ಮೇಲೆ ಹುಳಿಗೆ ತಿರುಗಿದ ಹಿಟ್ಟು. ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ.

"ಮೂಗು ಮುಚ್ಚಿಕೋರಿ ಮೇಡಂ," ಎಂದ ಸಂಗಮೇಶ. "ಒಳಗ ಇಲಿ ಸತ್ತದ ಕಾಣಸ್ತದ."

ಇದ್ದೀತು. ಒಂದು ಮಳೆಗಾಲದ ಲೇಯಿ ಇಷ್ಟು ವರ್ಷ ಕೋಣೆಯೊಂದರಲ್ಲಿ ವಾಸನೆಯಾಗಿ ಉಳಿಯುವುದಿಲ್ಲ. ಸತ್ತ ಇಲಿಯನ್ನು ಮೂಸಿ ನಾನು ನನ್ನ ಇಪ್ಪತ್ತೆರಡನೇ ವಯಸ್ಸನ್ನು ನೆನೆಸಿಕೊಂಡಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ನೆನಪಿಗೆ ನೆಪ ಸಾಕು, ಪುರಾವೆ ಬೇಡ.

ಸಂಗಮೇಶ ಈಗ ಔರಾದ ಕಾಲೇಜಿನ ಗ್ರಂಥಪಾಲಕ. ಭಾಲ್ಕಿಯಲ್ಲಿ ನಮ್ಮ ಕಾಲೇಜಿನಲ್ಲೇ ಓದಿದ ಹುಡುಗ, ಠಾಣಾ ಕುಶನೂರದವನು. ಹಳೆಯ, ಹರಿದ, ಯಾರೂ ಮುಟ್ಟದ ಪುಸ್ತಕಗಳನ್ನು ತೆಗೆದುಹಾಕುವಾಗ ಬೇರೆ ಕಾಲೇಜಿನ ಗ್ರಂಥಪಾಲಕರೊಬ್ಬರು ಜೊತೆಗಿರಬೇಕೆಂಬ ಪದ್ಧತಿ ಇದೆ. ಅದಕ್ಕೆ ಭಾಲ್ಕಿಯಿಂದ ನನ್ನನ್ನು ಕರೆಸಿದ್ದ. ನಾನು "ಹೋಗಲಿ" ಅಂದದ್ದು ಗೋಣಿಚೀಲಕ್ಕೆ, "ಇರಲಿ" ಅಂದದ್ದು ಕಪಾಟಿಗೆ. ಸಂಜೆಗೆ ರದ್ದಿಯವನ ಗಾಡಿ ಬರುವುದಿತ್ತು.

ಆ ರಾಶಿಯಲ್ಲಿ ಒಂದು ಪುಸ್ತಕ ಇರಬೇಕು. ನಾನು ಬಂದದ್ದು ಅದಕ್ಕಾಗಿ. ಒಂದು ಸಾಮಾನ್ಯ ಕಾದಂಬರಿ, ಆದರೆ ಹೊಲಿದದ್ದು ತಿರುಗುಮುರುಗಾಗಿ. ಕೊನೆ ಮೊದಲಿದೆ, ಮೊದಲು ಕೊನೆಗಿದೆ. ಅದನ್ನು ಹಾಗೆ ಹೊಲಿದವಳು ನನ್ನ ಗೆಳತಿ ಶಾಹೀನ್. ಅವಳ ಕೈಯ ಗುರುತೆಂದು ಈ ಭೂಮಿಯ ಮೇಲೆ ನನ್ನ ಪಾಲಿಗೆ ಉಳಿದಿರುವುದು ಅದೊಂದೇ.

ಭಾಲ್ಕಿಯಲ್ಲಿ ಪ್ರತಿ ವರ್ಷ ಹೊಸ ಹುಡುಗರು ಹುಡುಗಿಯರು ಮೊದಲ ಸಲ ಗ್ರಂಥಾಲಯಕ್ಕೆ ಬಂದಾಗ ಈ ಕತೆ ಹೇಳುತ್ತೇನೆ. ಉರ್ದು ಪುಸ್ತಕ ಹೊಲಿದು ಪಳಗಿದ ಒಬ್ಬ ಹುಡುಗಿ ಕನ್ನಡ ಕಾದಂಬರಿಯನ್ನು ಉಲ್ಟಾ ಹೊಲಿದಳು, ಆ ತಪ್ಪಿನಿಂದ ನಾನು ಗ್ರಂಥಪಾಲಕಿಯಾದೆ, ಎಂದು. ಎಲ್ಲರೂ ನಗುತ್ತಾರೆ. ನಗಬೇಕಾದ ಕಡೆಯೇ ನಗುತ್ತಾರೆ. ಎಷ್ಟೋ ಸಲ ಹೇಳಿ ಆ ಕತೆಯ ಅಂಚುಗಳೆಲ್ಲ ಸವೆದು ನುಣುಪಾಗಿವೆ. ಅದಕ್ಕೇ ಈಚೆಗೆ ಅದರ ಮೇಲೆ ನನಗೆ ನಂಬಿಕೆ ಕಡಿಮೆಯಾಗಿದೆ.

ಸರಿ, ಅಂಚುಗಳಿದ್ದ ಹಾಗೆ ಹೇಳಲು ನೋಡುತ್ತೇನೆ.

ಅಪ್ಪ ಭಾಲ್ಕಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ಬುದ್ಧ ವಿಹಾರದ ಪಕ್ಕದ ಓಣಿಯಲ್ಲಿ ನಮ್ಮ ಮನೆ. ಅಜ್ಜ ಶಾಲೆಯ ಒಳಗೆ ಕಾಲಿಡಲಾಗದವನು, ಅಪ್ಪ ಶಾಲೆಯಿಂದ ಹೊರಗೆ ಬರಲು ಒಲ್ಲದವನು. ನಾನೂ ಬಿ.ಇಡಿ. ಮಾಡಿ ಅದೇ ಬಾಗಿಲಿನಿಂದ ಒಳಗೆ ಹೋಗಬೇಕೆಂಬುದು ಅವನ ಆಸೆ. ನನಗೇನು ಬೇಕೆಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಹೇಳಲು ಏನೂ ಇರಲಿಲ್ಲ. ಬಿ.ಎ. ಓದಿದ್ದು ಬೀದರದಲ್ಲಿ, ಹಳೆಯ ಪೇಟೆಯ ಮಾವಶಿಯ, ಅಂದರೆ ಅವ್ವನ ತಂಗಿಯ, ಮನೆಯಲ್ಲಿದ್ದುಕೊಂಡು. ಪರೀಕ್ಷೆ ಮುಗಿದು ಸೀಟಿಗೆ ಕಾಯುತ್ತಿದ್ದ ದಿನಗಳಲ್ಲಿ ಅದೇ ಓಣಿಯ ಪುಸ್ತಕ ಕಟ್ಟುವ ಅಂಗಡಿಗೆ ಹೋಗಿ ಕೂಡುವುದು ರೂಢಿಯಾಯಿತು.

ಅಂಗಡಿ ಶಾಹೀನಳ ಅಬ್ಬಾನದು. ಮದರಸಾದ ಪುಸ್ತಕ, ವಕೀಲರ ದಪ್ಪ ಪುಸ್ತಕ, ಯಾರೋ ಅಜ್ಜನಿಂದ ಬಂದ ಹಸ್ತಪ್ರತಿ, ಎಲ್ಲ ಅಲ್ಲಿಗೆ ಬರುತ್ತಿದ್ದವು. ಅಬ್ಬಾನ ಕಣ್ಣು ಮಂಜಾಗಿತ್ತು. ಹೊಲಿಗೆಯೆಲ್ಲ ಶಾಹೀನಳದೇ. ಉರ್ದು ಶಾಲೆಯಲ್ಲಿ ಹತ್ತನೆಯವರೆಗೆ ಓದಿ ಬಿಟ್ಟಿದ್ದಳು. ಕನ್ನಡ ಓಣಿಯಲ್ಲಿ ಕಲಿತದ್ದು. ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ.

"ನೋಡ್ತಾ ಕೂಡೂದಕ್ಕಿಂತ ಸೂಜಿ ಹಿಡೀ," ಎಂದಳು ಒಂದು ದಿನ. "ಸುಮ್ಮನೆ ಕೂತವ್ರನ್ನ ಕಂಡ್ರ ಅಬ್ಬಾಗ ಆಗಂಗಿಲ್ಲ. ಚಹಾ ಕೊಡಬೇಕಾಗ್ತದಂತ."

"ಝೂಟ್!" ಎಂದ ಅಬ್ಬಾ ಒಳಗಿನಿಂದ. "ಬೇಟಿ, ನೀ ಚಹಾ ಕುಡಿ. ಆಕಿ ಮಾತು ಕೇಳಬ್ಯಾಡ."

ಹೀಗೆ ಉರ್ದು ಪುಸ್ತಕಗಳ ಮೇಲೆ ನಾನು ಹೊಲಿಗೆ ಕಲಿತೆ. ಪುಸ್ತಕವೆಂದರೆ ಬಿಡಿ ಹಾಳೆಗಳ ಕಟ್ಟಲ್ಲ. ಹದಿನಾರು ಪುಟಗಳ ಒಂದೊಂದು ಮಡಿಕೆ, ಅದಕ್ಕೆ ಫಾರಂ ಅನ್ನುತ್ತಾರೆ. ಫಾರಂಗಳನ್ನು ಒಂದರ ಮೇಲೊಂದಿಟ್ಟು ಮಡಿಕೆಯ ನಡುವೆ ದಾರ ಹಾಯಿಸಿ ಒಂದನ್ನು ಇನ್ನೊಂದಕ್ಕೆ ಕಟ್ಟುತ್ತಾ ಹೋಗಬೇಕು. ಕೊನೆಗೆ ಒಂದು ಗಂಟು. ಶಾಹೀನ್ ಗಂಟನ್ನು ಮಡಿಕೆಯೊಳಗೆ ಅಡಗಿಸಿ ದಾರವನ್ನು ಬುಡಕ್ಕೇ ಕತ್ತರಿಸುತ್ತಿದ್ದಳು. ಬೆರಳಾಡಿಸಿದರೂ ಸಿಗದು. ನನಗೆ ಅಂಜಿಕೆ, ಎಲ್ಲಿ ಬಿಚ್ಚಿಹೋಗುತ್ತದೋ ಎಂದು. ಬೆರಳಿನ ಒಂದು ಗೆಣ್ಣಿನಷ್ಟು ದಾರ ಬಿಟ್ಟೇ ಕತ್ತರಿಸುತ್ತಿದ್ದೆ.

"ಅಬ್ಬಾ, ನೋಡ್ ಬಾ. ಸುಜಾತಾನ ಪುಸ್ತಕಕ್ಕ ಬಾಲ ಬಂದದ," ಎಂದು ಕೂಗುತ್ತಿದ್ದಳು. "ಏನೇ ಇದು, ಪುಸ್ತಕ ಏನ್ ಹಲ್ಲಿ? ಕೈ ಬಿಟ್ರ ಗೋಡಿ ಹತ್ತತದ ನೋಡು."

ಈಗಲೂ ಭಾನುವಾರಗಳಲ್ಲಿ ಮನೆಯಲ್ಲಿ ಕೂತು ಹರಿದ ಪುಸ್ತಕಗಳನ್ನು ಹೊಲಿಯುತ್ತೇನೆ. ನನ್ನ ಹವ್ಯಾಸವೆಂದರೆ ಅದೊಂದೇ. ಲೇಯಿ ಕುದಿಸಿದ ದಿನ ಮಗಳು ರೊಟ್ಟಿಯ ಹಿಟ್ಟನ್ನು ಮೂಸಿ ನೋಡಿ, "ಅವ್ವಾ, ಇದರಾಗ ಮೈಲುತುತ್ತ ಹಾಕಿಲ್ಲ ಹೌದಿಲ್ಲೋ?" ಎಂದು ಕಾಡುತ್ತಾಳೆ. ಈಗಲೂ ಬಾಲ ಬಿಟ್ಟೇ ಕತ್ತರಿಸುತ್ತೇನೆ.

ಆ ಮಳೆಗಾಲಕ್ಕೆ ಬರುತ್ತೇನೆ. ಔರಾದದ ಕಾಲೇಜಿನ ಮಾಳಿಗೆ ಹಿಂದಿನ ವರ್ಷ ಸೋರಿ ಅರ್ಧ ಗ್ರಂಥಾಲಯ ನೆನೆದಿತ್ತು. ದಸರೆಯ ನಂತರ ಪರಿಶೀಲನೆಗೆ ಕಮಿಟಿಯೊಂದು ಬರುವುದಿತ್ತು. ಪ್ರಿನ್ಸಿಪಾಲ ಬಿರಾದಾರ ಸರ್ ಅಪ್ಪನ ಪರಿಚಯದವರು. ಪುಸ್ತಕ ಬೇರ್ಪಡಿಸಲು ಒಬ್ಬ ಹುಡುಗಿ ಬೇಕೆಂದರು, ಅಪ್ಪ ನನ್ನ ಹೆಸರು ಹೇಳಿದ. ಬರೀ ಬೇರ್ಪಡಿಸಿದರೆ ಆಗದು, ಹೊಲಿಯಬೇಕು, ಅದಕ್ಕೆ ಬೀದರದಲ್ಲಿ ಒಬ್ಬಳಿದ್ದಾಳೆ, ಎಂದು ನಾನು ಹೇಳಿದೆ. ಅಬ್ಬಾ ಒಪ್ಪಲು ಒಂದೇ ಕರಾರು ಹಾಕಿದ: ಇಬ್ಬರೂ ಕೂಡಿ ಹೋಗಬೇಕು, ಕತ್ತಲಾಗುವ ಮೊದಲು ಕೂಡಿ ಬರಬೇಕು.

ಔರಾದಕ್ಕೆ ರೈಲಿಲ್ಲ. ಬಸ್ಸೇ ಗತಿ. ಬೀದರದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಶಾಹೀನ್ ಓಡಿಹೋಗಿ ಕಿಟಕಿಯಿಂದ ಕರ್ಚೀಪು ಒಗೆಯುತ್ತಿದ್ದಳು. ಬಾಗಿಲಲ್ಲಿ ಜನ ಎಷ್ಟೇ ಒದ್ದಾಡಲಿ, ಕರ್ಚೀಪು ಬಿದ್ದ ಸೀಟು ಒಗೆದವರದೇ. ನಮ್ಮ ಕಡೆ ಅದಕ್ಕೆ ಯಾರೂ ತಕರಾರು ತೆಗೆಯುವುದಿಲ್ಲ. ಒಮ್ಮೆ ಮಾತ್ರ ಒಬ್ಬ ಹಿರಿಯರು ಅದರ ಮೇಲೇ ಕೂತಿದ್ದರು.

"ಕಾಕಾ, ನಿಮ್ಮ ಕೆಳಗ ನನ್ನ ಕರ್ಚೀಪ ಅದರಿ."

"ತಗೋವಾ ಮತ್ತ," ಎಂದು ಅವರು ಒಂದು ಬದಿ ಎತ್ತಿ ಎಳೆದು ಕೊಟ್ಟರು.

"ಅದರ ಸಂಗಟ ಸೀಟೂ ಕೊಡ್ರಿ. ಎರಡೂ ಜೋಡಿ ಅವರಿ."

ಬಸ್ಸೆಲ್ಲ ನಕ್ಕಿತು, ಕಾಕಾ ಎದ್ದರು. ಆಮೇಲೆ ನಡುದಾರಿಯ ಸಂತಪುರದವರೆಗೆ ಅವರಿಗೆ ಶಾಹೀನ್ ತನ್ನ ಸೀಟು ಬಿಟ್ಟುಕೊಟ್ಟು ನಿಂತೇ ಬಂದಳು. ನನಗೆ ಕರ್ಚೀಪು ಒಗೆಯಲು ಎಂದೂ ಆಗಲಿಲ್ಲ. ನಾಚಿಕೆ. ನಾನು ಡಬ್ಬಿಗಳನ್ನು ಹಿಡಿದು ಅವಳ ಹಿಂದೆ ಹತ್ತುವವಳು. ನನ್ನ ಡಬ್ಬಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ. ಅವಳದರಲ್ಲಿ ತಹರಿ, ಮಸಾಲೆ ಹಾಕಿದ ಅನ್ನ. ಸಂತಪುರ ದಾಟುವುದರೊಳಗೆ ಡಬ್ಬಿಗಳು ಅದಲುಬದಲಾಗಿರುತ್ತಿದ್ದವು.

ನೆನಪಿನಲ್ಲಿ ಆ ನಾಲ್ಕು ತಿಂಗಳೂ ಮಳೆಯೇ ಸುರಿಯುತ್ತದೆ. ಸುಳ್ಳು. ಅಷ್ಟು ಮಳೆ ಔರಾದಕ್ಕೆ ಯಾವ ಕಾಲಕ್ಕೂ ಬಂದಿಲ್ಲ. ಹೊಲದ ಹೆಸರುಕಾಳು ಕೀಳುವ ಹೊತ್ತಿಗೆ ಬಿಸಿಲು ಬಿದ್ದು, ನೆನೆದ ಪುಸ್ತಕಗಳನ್ನೆಲ್ಲ ಅಂಗಳದಲ್ಲಿ ಒಣಗಲು ಹರವಿದ್ದೆವು. ಹಾಳೆಗಳು ಗಾಳಿಗೆ ಪಟಪಟ ಅನ್ನುತ್ತಿದ್ದವು. ದಾರಿಯ ಎರಡೂ ಬದಿ ಸೋಯಾ ಹಳದಿಗೆ ತಿರುಗಿ, ಕಪ್ಪು ಮಣ್ಣು ಬಿರಿದದ್ದು ಕಿಟಕಿಯಿಂದ ಕಂಡಿದ್ದೇನೆ. ಆದರೂ ಶಾಹೀನಳನ್ನು ನೆನೆದಾಗೆಲ್ಲ ಅವಳ ಓಢಣಿಯ ತುದಿ ಒದ್ದೆಯಾಗೇ ಇರುತ್ತದೆ. ಯಾಕೋ ಒಣಗಿಸಲು ಮನಸ್ಸು ಬರುವುದಿಲ್ಲ.

ಕೆಲಸ ಹೀಗಿತ್ತು. ನಾನು ಹರಿದ ಪುಸ್ತಕ ಬಿಚ್ಚಿ, ಫಾರಂಗಳನ್ನು ಬೇರೆ ಮಾಡಿ, ಪುಟದ ಅಂಕಿ ನೋಡಿ ಸಾಲಾಗಿ ಜೋಡಿಸಿ ಕೊಡುವುದು. ಶಾಹೀನ್ ಹೊಲಿಯುವುದು. ಕೈ ನಡೆಯುವಾಗ ಅವಳಿಗೆ ಕಿವಿ ಖಾಲಿ ಇರಬಾರದು. "ಓದೇ ಏನರೆ," ಎನ್ನುತ್ತಿದ್ದಳು. ಕೈಗೆ ಬಂದ ಫಾರಂ ಓದುತ್ತಿದ್ದೆ. ಇತಿಹಾಸ, ಸಸ್ಯಶಾಸ್ತ್ರ, ಹೊಲಿಗೆಯ ಪುಸ್ತಕವೇ ಒಂದು. ಜೋರಾಗಿ ಮಾತಾಡಿದರೆ ಗಂಟಲು ಕಟ್ಟುವ ನಾನು ಆ ಕೋಣೆಯಲ್ಲಿ ಗಂಟೆಗಟ್ಟಲೆ ಓದುತ್ತಿದ್ದೆ. ಸಸ್ಯಶಾಸ್ತ್ರ ಅವಳಿಗೆ ಹಿಡಿಸಿತ್ತು. "ಬೇರಿಗೆ ಇಷ್ಟ್ ಹೆಸರಾ? ನಮ್ಮ ಖಾನದಾನಕ್ಕೂ ಇಷ್ಟ್ ಇಲ್ಲ," ಎಂದಿದ್ದಳು.

ಆಮೇಲೆ ಆ ಕಾದಂಬರಿ ಬಂತು. ಮುಖಪುಟ ಗೆದ್ದಲು ತಿಂದು, ಬರೆದವರ ಹೆಸರು ಹೋಗಿತ್ತು. ರೈಲು ನಿಲ್ದಾಣದ ಹೊರಗೆ ಚಹಾದ ಅಂಗಡಿ ಇಟ್ಟ ಒಬ್ಬ ಹೆಂಗಸಿನ ಕತೆ. ದಿನಕ್ಕೆ ಎಷ್ಟೋ ರೈಲು ಬರುತ್ತವೆ, ಇಳಿದವರಿಗೆ ಚಹಾ ಕೊಡುತ್ತಾಳೆ, ತಾನು ಒಮ್ಮೆಯೂ ಹತ್ತಿಲ್ಲ. ಹತ್ತಬೇಕೆಂದು ಪ್ರತಿ ಫಾರಂನಲ್ಲೂ ಎದ್ದು ನಿಲ್ಲುತ್ತಾಳೆ. ಏನೋ ಅಡ್ಡ ಬರುತ್ತದೆ.

"ರೈಲಿಲ್ಲದ ಊರಾಗ ಕುಂತು ರೈಲಿನ ಕತಿ ಓದ್ತೇವಲ್ಲ," ಎಂದು ಶಾಹೀನ್ ನಗುತ್ತಿದ್ದಳು. ಮತ್ತೆ ಅವಳೇ, "ಮುಂದ? ಇವತ್ತರೆ ಹತ್ತಿದಳೇನು?"

ಅವಳಿಗಾಗಿ ಆ ಒಂದು ಪುಸ್ತಕವನ್ನು ಮಾತ್ರ ನಿಧಾನ ಓದಿದೆ, ದಿನಕ್ಕೊಂದು ಫಾರಂ. ಕೊನೆಯದೊಂದು ಉಳಿದಾಗ ಬಸ್ಸಿನ ಹೊತ್ತಾಯಿತು. "ನಾಳೆ ಓದ್ತೇನಿ," ಎಂದೆ. ಮರುದಿನ ಬೇರೆ ಅವಸರ. ಆ ಪುಸ್ತಕ ಹೊಲಿಗೆಯಾಗಿ, ರಟ್ಟು ಹಚ್ಚಿ, ಕಲ್ಲಿನ ಭಾರದ ಕೆಳಗೆ ಹೋಗಿತ್ತು.

ನಡುವೆ ಒಂದು ರಜೆಯ ದಿನ ಅಷ್ಟೂರಕ್ಕೆ ಹೋಗಿದ್ದೆವು, ಸುಲ್ತಾನರ ಗೋರಿಗಳನ್ನು ನೋಡಲು. ಅಥವಾ ಅದು ಹಿಂದಿನ ವರ್ಷ ಕಾಲೇಜಿನವರೊಂದಿಗೆ ಹೋದದ್ದು, ಶಾಹೀನಳನ್ನು ನಾನೇ ಆಮೇಲೆ ತಂದು ಅಲ್ಲಿ ಮಲಗಿಸಿರಬಹುದು. ಮಲಗಿಸಿದೆ ಎಂದದ್ದು ಯಾಕೆಂದರೆ, ಗುಮ್ಮಟದ ಕೆಳಗೆ ಅವಳು ಕಲ್ಲುಹಾಸಿನ ಮೇಲೆ ಅಂಗಾತ ಮಲಗಿ, ಮೇಲೆ ಬಣ್ಣದಲ್ಲಿ ಬರೆದ ಅಕ್ಷರಗಳನ್ನು ಗಾಳಿಯಲ್ಲಿ ಬೆರಳಾಡಿಸುತ್ತಾ ಬಲದಿಂದ ಎಡಕ್ಕೆ ಕೂಡಿಸಿ ಓದುತ್ತಿದ್ದದ್ದು ಕಣ್ಣಿಗೆ ಕಟ್ಟಿದೆ. ಎಲ್ಲಿಂದ ಸುರು ಎಂದು ಕೇಳಿದೆ. "ದುಂಡಗ ಬರದಾರಲ್ಲೇ ಹುಚ್ಚಿ, ಎಲ್ಲಿಂದ ಸುರು ಮಾಡಿದ್ರೂ ನಡೀತದ," ಎಂದಳು. ಈ ಮಾತನ್ನು ನಾನು ಕಟ್ಟಿದ್ದಲ್ಲ. ಇಷ್ಟು ಚೆಂದದ ಮಾತು ಕಟ್ಟಲು ನನಗೆ ಬರುವುದಿಲ್ಲ.

ದಸರೆಗೆ ಮುಂಚಿನ ಶನಿವಾರ ಕೆಲಸ ಮುಗಿಯುವುದಿತ್ತು. ಮುಗಿದರೆ ನಾನು ಭಾಲ್ಕಿಗೆ, ಅಪ್ಪ ಗೊತ್ತುಮಾಡಿಟ್ಟ ಬಿ.ಇಡಿ.ಗೆ. ಶಾಹೀನ್ ಅಂಗಡಿಗೆ. ಆ ಬೆಳಿಗ್ಗೆಯೂ ಬಸ್ಸಿನಲ್ಲಿ ಡಬ್ಬಿ ಬದಲಾಯಿಸಿಕೊಂಡು ಉಂಡೆವು, ಅಷ್ಟೇ.

ಬಿರಾದಾರ ಸರ್ ಬಂದರು. ಹೊಸ ರಟ್ಟಿನ ಸಾಲುಗಳನ್ನು ನೋಡಿ ಖುಷಿಯಾಗಿ, ಮೇಲಿನ ಒಂದು ಪುಸ್ತಕ ಎತ್ತಿಕೊಂಡರು. ಯಾವ ಪುಸ್ತಕ ಸಿಕ್ಕರೂ ಮೊದಲ ಸಾಲನ್ನು ಗಟ್ಟಿಯಾಗಿ ಓದುವುದು ಅವರ ಚಾಳಿ. ಓದಿದರು: "ಎಂದು ಹೇಳಿ ಅವಳು ಲಾಟೀನನ್ನು ಕೆಳಗಿಟ್ಟಳು." ನಿಂತರು. ಮುಂದಿನ ಪುಟ ತಿರುವಿದರು, ಇನ್ನೂ ಮುಂದಕ್ಕೆ ಹೋದರು.

"ಏನವಾ ಸುಜಾತಾ ಇದು? ಹುಟ್ಟೂದಕ್ಕಿಂತ ಮೊದಲ ಮುದುಕಿ ಆಗ್ಯಾಳಲ್ಲ ಈಕಿ!"

ಆದದ್ದಿಷ್ಟು. ಉರ್ದು ಪುಸ್ತಕದ ಬೆನ್ನು ಬಲಗಡೆ. ಅದಕ್ಕೆ ಪಳಗಿದ ಕೈ ಬೆನ್ನನ್ನು ಬಲಕ್ಕೆ ಇಟ್ಟುಕೊಂಡೇ ಫಾರಂಗಳನ್ನು ಪೇರಿಸುತ್ತದೆ. ಕನ್ನಡ ಪುಸ್ತಕವನ್ನು ಹಾಗೆ ಪೇರಿಸಿದರೆ ಒಂದೊಂದು ಫಾರಂನ ಒಳಗೆ ಎಲ್ಲವೂ ನೆಟ್ಟಗಿರುತ್ತದೆ, ಆದರೆ ಫಾರಂಗಳ ಸಾಲು ತಿರುಗಿಬಿಡುತ್ತದೆ. ಕೊನೆಯ ಹದಿನಾರು ಪುಟ ಮೊದಲು, ಅದರ ಹಿಂದಿನ ಹದಿನಾರು ಆಮೇಲೆ, ಹೀಗೆ ಹಿಮ್ಮುಖವಾಗಿ ಕತೆ ನಡೆದು ಹುಟ್ಟಿಗೆ ಬಂದು ಮುಗಿಯುತ್ತದೆ. ಬೀದರದಂಥ ಊರಿನ ಕೈಗಳಿಗೆ ಮಾತ್ರ ಆಗಬಹುದಾದ ತಪ್ಪು.

ಶಾಹೀನ್ ಸರ್ ಕೈಯಿಂದ ಪುಸ್ತಕ ತೆಗೆದುಕೊಂಡಳು. ತುದಿಯ ಮಡಿಕೆಯನ್ನು ಬಿಡಿಸಿ ನೋಡಿದಳು. "ನಂದೇ ರೀ ಸರ್ ಇದು," ಎಂದಳು. "ನನ್ನದು ಉರ್ದು ಕೈ ಅದರಿ. ಎಷ್ಟ್ ಹೇಳಿದ್ರೂ ಅದಕ್ಕ ಕನ್ನಡ ತಿಳಿಯಂಗಿಲ್ಲ."

ಸರ್ ಗದರಬೇಕೆಂದಿದ್ದವರು ನಕ್ಕುಬಿಟ್ಟರು. ನಕ್ಕರೂ ಬಿಡಲಿಲ್ಲ. "ಒಂದು ಹಿಂಗಾಗೇದಂದ್ರ ಇನ್ನೆಷ್ಟ್ ಆಗ್ಯಾವೋ. ಕಮಿಟಿಯವರ ಕೈಯಾಗ ಇಂಥದು ಸಿಕ್ತಂದ್ರ ನನ್ನ ಮರ್ಯಾದಿ ಹೋಗ್ತದ. ಎಲ್ಲಾ ತೆಗೆದು ಒಂದೊಂದೇ ನೋಡ್ರಿ. ಇನ್ನೊಂದು ವಾರ ಬರ್ರಿ."

ಆ ವಾರ. ಎಲ್ಲ ಪುಸ್ತಕಗಳನ್ನು ಬಿಡಿಸಿ ನೋಡಿದೆವು, ಇನ್ನೊಂದೂ ಉಲ್ಟಾ ಸಿಗಲಿಲ್ಲ. ಸಿಕ್ಕ ಒಂದನ್ನು ಆಮೇಲೆ ಬಿಚ್ಚಿ ಸರಿಮಾಡಿದರಾಯಿತೆಂದು ಪಕ್ಕಕ್ಕಿಟ್ಟೆವು, ಅದಕ್ಕೆ ಯಾರೂ ಕೈ ಹಚ್ಚಲಿಲ್ಲ. ಕೆಲಸ ಕಡಿಮೆ, ಹೊತ್ತು ಬೇಕಾದಷ್ಟು. ಅಂಗಳದ ಬೇವಿನ ನೆರಳಲ್ಲಿ ಚುರುಮುರಿಯ ಸುಸಲಾ ತಿನ್ನುತ್ತಾ ಕೂಡುತ್ತಿದ್ದೆವು. ಒಂದು ಮಧ್ಯಾಹ್ನ ಅಲ್ಲಿಗೇ ಬಿರಾದಾರ ಸರ್ ಬಂದು, "ಬಿ.ಇಡಿ. ಮಾಡಿ ಏನ್ ಮಾಡ್ತಿವಾ? ನಿನ್ನ ದನಿ ಎರಡನೇ ಬೆಂಚಿಗೂ ಮುಟ್ಟಂಗಿಲ್ಲ. ಪುಸ್ತಕದ ಮುಂದ ಕೂಡಿಸಿದ್ರ ಮಾತ್ರ ಬಾಯಿ ತೆಗೀತಿ. ಕಲಬುರಗಿದಾಗ ಗ್ರಂಥಾಲಯದ ಕೋರ್ಸ್ ಅದ, ಅರ್ಜಿ ಹಾಕಾಕ ಇನ್ನೂ ಟೈಮ್ ಅದ. ನಿಮ್ಮಪ್ಪಗ ನಾ ಹೇಳ್ತೇನಿ," ಎಂದರು.

ಶಾಹೀನ್ ನನಗಿಂತ ಮೊದಲು ಉತ್ತರ ಕೊಟ್ಟಳು. "ಹೋಗ್ತಾಳ್ರಿ ಸರ್. ಯಾಕ ಹೋಗಂಗಿಲ್ಲ?"

ನನ್ನ ವೃತ್ತಿಯ ಹಾದಿ ಇಷ್ಟೇ ಉದ್ದ. ಬೇವಿನ ಮರದಿಂದ ಕಲಬುರಗಿಗೆ, ಅಲ್ಲಿಂದ ಭಾಲ್ಕಿಗೆ. ಆ ಶನಿವಾರವೇ ಕೆಲಸ ಮುಗಿದಿದ್ದರೆ ಯಾವುದೋ ಶಾಲೆಯಲ್ಲಿ ಎರಡನೇ ಬೆಂಚಿಗೂ ಕೇಳಿಸದ ಪಾಠ ಮಾಡುತ್ತಿದ್ದೆ. ಒಂದು ಉಲ್ಟಾ ಪುಸ್ತಕ ನನ್ನನ್ನು ಗ್ರಂಥಪಾಲಕಿ ಮಾಡಿತು ಎಂದು ನಾನು ಹೇಳುವುದು ಅದಕ್ಕೆ.

ಆ ವಾರ ಶಾಹೀನ್ ಕೇಳುತ್ತಲೇ ಇದ್ದಳು, "ಓದಿಬಿಡೇ, ಹ್ಯಾಂಗೂ ಕಡೀದು ಮೊದಲ ಬಂದದ. ರೈಲು ಹತ್ತಿದಳೋ ಇಲ್ಲೋ?" ಕೊನೆಯ ದಿನ ಓದುತ್ತೇನೆ ಎಂದೆ. ಕೊನೆಯ ದಿನಕ್ಕೂ ಏನಾದರೂ ಇರಲಿ ಎಂದು.

ಕೊನೆಯ ದಿನ ಅವಳು ಬರಲಿಲ್ಲ. ಉದಗೀರದಿಂದ ಅವಳನ್ನು ನೋಡಲು ಬಂದಿದ್ದರು. ನಾನೊಬ್ಬಳೇ ಹೋದೆ. ಕರ್ಚೀಪು ಒಗೆಯುವವರಿಲ್ಲದೆ ಔರಾದದವರೆಗೆ ನಿಂತೇ ಹೋದೆ.

ಚಳಿಗಾಲದಲ್ಲಿ ಅವಳ ಮದುವೆಯಾಯಿತು. ಆಗ ನಾನು ಕಲಬುರಗಿಯ ಹಾಸ್ಟೆಲಿನಲ್ಲಿ, ಪುಸ್ತಕಗಳಿಗೆ ಅಂಕಿ ಕೊಡುವುದನ್ನು ಕಲಿಯುತ್ತಿದ್ದೆ. ಸುದ್ದಿ ಮುಟ್ಟಿದ್ದು ಬೇಸಿಗೆಗೆ. ಕೆಲವು ವರ್ಷಗಳ ಮೇಲೆ ಅಬ್ಬಾ ತೀರಿಕೊಂಡ. ಅಂಗಡಿಯಲ್ಲಿ ಈಗ ಅವಳ ತಮ್ಮ ಮೊಬೈಲ್ ಕವರು ಮಾರುತ್ತಾನೆ. ಬೀದರಕ್ಕೆ ಹೋದಾಗೆಲ್ಲ ಅದರ ಮುಂದೆ ಹಾದುಹೋಗುತ್ತೇನೆ. ಒಳಗೆ ಹೋಗಿ ಒಂದು ಮಾತು ಕೇಳಿದರೆ ಉದಗೀರದ ನಂಬರು ಸಿಗುತ್ತದೆ. ಕೇಳಿಲ್ಲ. ಕೇಳಿದರೆ ಆ ಕಡೆಯಿಂದ ಒಬ್ಬ ನಿಜವಾದ ಹೆಂಗಸು ಮಾತಾಡುತ್ತಾಳೆ. ಮೊಣಕಾಲು ನೋವು, ಸೊಸೆ, ಮೊಮ್ಮಗು. ಅವಳು ನನ್ನ ಮಳೆಯನ್ನು ನಿಲ್ಲಿಸಿಬಿಟ್ಟಾಳು ಎಂಬ ಅಂಜಿಕೆ.

"ಹೋಗಲಿ ಏನ್ರಿ ಮೇಡಂ?" ಸಂಗಮೇಶ ಒಂದೊಂದೇ ಎತ್ತಿ ತೋರಿಸುತ್ತಿದ್ದ.

"ಹೋಗಲಿ."

ಈ ಕೋಣೆಗೆ ಪೂರ್ವಕ್ಕೊಂದು ಕಿಟಕಿ ಇತ್ತೆಂದು ನನ್ನ ನೆನಪು. ಪೂರ್ವಕ್ಕೆ ಗೋಡೆ ಇದೆ. ಮುಚ್ಚಿದ ಗುರುತೂ ಇಲ್ಲ. ಬೇವಿನ ಮರ ಇದೆ, ಆದರೆ ಅಂಗಳದ ಆ ಬದಿಗಲ್ಲ, ಈ ಬದಿಗೆ. ನಾನು ಕೆಂಪು ರಟ್ಟು ಹುಡುಕುತ್ತಿದ್ದೆ. ಉಲ್ಟಾ ಪುಸ್ತಕದ ರಟ್ಟು ಕ್ಯಾಲಿಕೊ ಬಟ್ಟೆಯದು, ಕೆಂಪು, ಇದರಲ್ಲಿ ಅನುಮಾನವೇ ಇರಲಿಲ್ಲ. ಮಧ್ಯಾಹ್ನ ದಾಟಿತು. ಎರಡು ಚೀಲ ತುಂಬಿದವು. ಕೆಂಪು ರಟ್ಟಿನವು ನಾಲ್ಕೈದು ಸಿಕ್ಕವು, ಎಲ್ಲವೂ ನೆಟ್ಟಗಿದ್ದವು.

ಸಂಗಮೇಶ ಒಂದು ಹಸಿರು ಪುಸ್ತಕವನ್ನು ಚೀಲಕ್ಕೆ ಹಾಕಲು ಹೋಗಿ, ತೆರೆದು, "ಇದು ಹುಚ್ಚ ಹಿಡದಂಗ ಅದ ನೋಡ್ರಿ, ಮೊದಲ ಪುಟಕ್ಕ ಇನ್ನೂರಾ ಒಂಬತ್ತು ಅಂತ ಅದ," ಎಂದ.

ಕೈ ಚಾಚಿದೆ. ಹಸಿರು. ಮೊದಲ ಸಾಲು: "ಎಂದು ಹೇಳಿ ಅವಳು ಚೀಲವನ್ನು ಕೆಳಗಿಟ್ಟಳು." ಲಾಟೀನಲ್ಲ, ಚೀಲ. ಎಷ್ಟು ವರ್ಷ ಎಷ್ಟು ಮಕ್ಕಳ ಮುಂದೆ ಆ ಲಾಟೀನನ್ನು ಹಚ್ಚಿಟ್ಟಿದ್ದೆನೋ.

ಅವಳ ಗಂಟನ್ನು ಹುಡುಕಿದೆ. ಅದು ಸಿಗದೆಂದು ಗೊತ್ತಿದ್ದೇ ಹುಡುಕಿದೆ, ಸಿಗದಿರುವುದೇ ಅವಳ ಗುರುತು. ತುದಿಯ ಫಾರಂನ ಮಡಿಕೆಯ ನಡುವೆ ಬೆರಳಾಡಿಸಿದೆ.

ಬಾಲ.

ಒಂದು ಗೆಣ್ಣಿನಷ್ಟು ಉದ್ದದ ದಾರ. ತುದಿ ಹಿಂಜಿ, ಲೇಯಿ ಹತ್ತಿ ಬಿರುಸಾಗಿತ್ತು. ಗಂಟು ಗಟ್ಟಿಯಾಗಿಯೇ ಇತ್ತು.

ಶಾಹೀನ್ ಬಾಲ ಬಿಡುವವಳಲ್ಲ. ಒಂದಕ್ಕೂ ಬಿಟ್ಟವಳಲ್ಲ. ಇದು ನನ್ನ ಕೈ.

ಆ ಪುಸ್ತಕವನ್ನು ನಾನು ಹೊಲಿದ ಮಧ್ಯಾಹ್ನಕ್ಕಾಗಿ ಒಳಗೆಲ್ಲ ತಡಕಾಡಿದೆ. ಅವಳು ಅಂಗಳದಲ್ಲಿ ಲೇಯಿ ಕುದಿಸುತ್ತಿದ್ದಳೇ? ನಾನೊಬ್ಬಳೇ ಕೋಣೆಯಲ್ಲಿ ಕೂತು, ಸಹಾಯವಾಗಲೆಂದು ಸೂಜಿ ತೆಗೆದುಕೊಂಡೆನೇ? ಉರ್ದು ಪುಸ್ತಕಗಳ ಮೇಲೆ ಕಲಿತ ಕೈ, ತಪ್ಪಿದ್ದರೂ ತಪ್ಪೀತು. ಅಥವಾ ಶನಿವಾರಕ್ಕೆ ಕೆಲಸ ಮುಗಿಯುತ್ತದೆಂದು ಆ ಕೈಗೆ ಗೊತ್ತಿತ್ತೇ? ಬೇಕೆಂದೇ ಮಾಡಿದೆ ಎಂದು ಹೇಳಲು ಈಗ ಆಸೆಯಾಗುತ್ತದೆ. ಆ ಆಸೆಯೂ ಇವತ್ತಿನದೇ ಇರಬಹುದು. ಆ ಮಧ್ಯಾಹ್ನ ನನ್ನಲ್ಲಿ ಇಲ್ಲವೇ ಇಲ್ಲ. ಅದಿದ್ದ ಜಾಗದಲ್ಲಿ ಕಿಟಕಿಯಿಲ್ಲದ ಒಂದು ಗೋಡೆ.

ಆದರೆ ಇನ್ನೊಂದಿದೆ. ಸರ್ ಕೈಯಿಂದ ಪುಸ್ತಕ ತೆಗೆದುಕೊಂಡು ಶಾಹೀನ್ ಅದನ್ನು ಬಿಡಿಸಿ ನೋಡಿದ್ದು. ಅವಳಿಗೆ ಕನ್ನಡ ಅಕ್ಷರ ಬಾರದು. ಅಲ್ಲಿ ಅವಳು ಓದುವಂಥದ್ದೇನಿತ್ತು? ಆಮೇಲೆ ನನ್ನ ಕಡೆ ನೋಡಿದ್ದು, ಒಂದು ಕ್ಷಣ. ಈ ನೋಟವನ್ನು ಮಕ್ಕಳಿಗೆ ನಾನೆಂದೂ ಹೇಳಿಲ್ಲ. ಏಕೆಂದರೆ ಕತೆಗೆ ಅದು ಬೇಕಿರಲಿಲ್ಲ. ಈಗ ಹೊಸದಾಗಿ ಹುಟ್ಟಿಕೊಂಡ ನೋಟವೂ ಇರಬಹುದು. ಆದರೆ ಬಾಲ ಹುಟ್ಟಿಕೊಂಡದ್ದಲ್ಲ. ಅದು ಬೆರಳಿಗೆ ಚುಚ್ಚುತ್ತಿತ್ತು.

"ನಂದೇ ರೀ ಸರ್ ಇದು," ಎಂದಿದ್ದಳು.

"ಹೋಗಲಿ ಏನ್ರಿ?" ಸಂಗಮೇಶ ಚೀಲದ ಬಾಯಿ ಹಿಡಿದು ನಿಂತಿದ್ದ.

"ಇರಲಿ."

"ಇದನ್ನ ಯಾರ್ ಓದ್ತಾರ್ರಿ ಮೇಡಂ? ಉಲ್ಟಾ ಅದ." ತಡೆದು, ಮುಖ ಅರಳಿಸಿದ. "ಅರೆ, ಇದು ಅದಾ ಏನ್ರಿ? ನೀವು ಲೈಬ್ರರಿದಾಗ ಹೇಳತಿದ್ರಲ್ಲ, ನಿಮ್ಮ ಗೆಳತಿ ಹೊಲದಿದ್ದು?"

"ನಾ ಹೊಲದದ್ದು," ಎಂದೆ.

"ಗೆಳತಿ ಅಂತ ಹೇಳತಿದ್ರಿ."

"ಹೇಳತಿದ್ದೆ."

ಅವನು ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಒರೆಸಿ ಮರಳಿ ಕೊಟ್ಟು, ಚೀಲಗಳನ್ನು ಹೊರಗೆ ಎಳೆದುಕೊಂಡು ಹೋದ. ನಾನು ಗೋಡೆಗೆ ಆನಿಕೊಂಡು ಮೊದಲಿದ್ದ ಆ ಕೊನೆಯ ಫಾರಂ ಓದಿದೆ, ಹದಿನಾರು ಪುಟ, ಗಟ್ಟಿಯಾಗಿ. ದನಿ ಕೋಣೆಯ ತುಂಬ ಕೇಳಿತು. ಆ ಹೆಂಗಸು ರೈಲು ಹತ್ತಿದಳೋ ಇಲ್ಲವೋ ಈಗ ನನಗೆ ಗೊತ್ತು. ಇಲ್ಲಿ ಬರೆಯುವುದಿಲ್ಲ. ನನಗಿಂತ ಮೊದಲು ಕೇಳಿದವಳೊಬ್ಬಳಿದ್ದಾಳೆ.

ಪುಸ್ತಕವನ್ನು ಬಿಚ್ಚಿ ಸರಿಮಾಡಲಿಲ್ಲ. ಕಾದಂಬರಿಗಳ ಕಪಾಟಿನಲ್ಲಿ ನಾನೇ ಇಟ್ಟೆ, ಕೈಗೆ ಸಿಗುವ ಎತ್ತರದಲ್ಲಿ.

ಬಸ್ ಸ್ಟ್ಯಾಂಡಿಗೆ ಬಂದಾಗ ಭಾಲ್ಕಿಯ ಬಸ್ಸು ಖಾಲಿ ನಿಂತಿತ್ತು. ಕಂಡಕ್ಟರು ಕೂಗಿ ಕೂಗಿ ಕರೆಯುತ್ತಿದ್ದ. ಅಷ್ಟರಲ್ಲಿ ಬೀದರದ ಬಸ್ಸು ಧೂಳೆಬ್ಬಿಸಿಕೊಂಡು ಒಳಗೆ ತಿರುಗಿತು. ಜನ ಬಾಗಿಲಿಗೆ ಮುಗಿಬಿದ್ದರು. ಹಳೆಯ ಪೇಟೆಯ ಅಂಗಡಿ ರಾತ್ರಿ ಊಟದ ಹೊತ್ತಿನವರೆಗೂ ತೆರೆದಿರುತ್ತದೆ. ತಮ್ಮ ಅಲ್ಲೇ ಇರುತ್ತಾನೆ.

ನಾನು ಓಡಿದೆ. ಈ ವಯಸ್ಸಿನಲ್ಲಿ, ಸೀರೆಯ ನಿರಿಗೆ ಎತ್ತಿ ಹಿಡಿದು, ಹುಡುಗರೆಲ್ಲ ನೋಡುತ್ತಿರುವಾಗ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯಿಂದ ಕರ್ಚೀಪು ಒಗೆದೆ. ಇಬ್ಬರು ಕೂಡುವ ಸೀಟಿನ ಮೇಲೆ ಬಿತ್ತು.